ನರ್ಸರಿ ಸೀಟು ಕಸಿದವರಿಗೆ

ಖಾಸಗಿ ಶಾಲೆಯ ನೂರಕ್ಕೆ 25 ಸೀಟು ದಲಿತರ, ಬಡವರ ಮಕ್ಕಳಿಗೆ, ಅದೂ ಎಲ್‌ಕೆಜಿಯಿಂದಲೇ; ಫೀಜು ಸರ್ಕಾರದ್ದು. ಇದು 2009ರ ಶಿಕ್ಷಣ ಹಕ್ಕು ಕಾಯ್ದೆ ಕೊಟ್ಟ ಮಾತು. 2012ರಲ್ಲಿ ಸುಪ್ರೀಂ ಕೋರ್ಟೂ ಸೈ ಅಂತು. ಬೀದಿ ಗುಡಿಸುವವಳ ಕೂಸು ಕಂಟ್ರಾಕ್ಟರನ ಕೂಸಿನ ಪಕ್ಕ ಕೂತಿತು.

ಉಳ್ಳವರ ಹೊಟ್ಟೆ ಉರೀತು. 2019ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿತು: ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೆ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟಿಲ್ಲ. ಸರ್ಕಾರಿ ಶಾಲೆ ಉಳಿಸೋಕಂತೆ! ಉಳಿಸಲಿ, ಬೇಡ ಅಂದೋರ್ಯಾರು? ಆದರೆ ಸಾಹೇಬರ ಮಕ್ಕಳು ಕಾನ್ವೆಂಟಿನಲ್ಲಿ, ಶಾಲೆ ಉಳಿಸೋ ಹೊರೆ ಮಾತ್ರ ಕೇರಿಯ ಮಕ್ಕಳ ತಲೆ ಮೇಲೆ. ಆಗ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿಯೇ ಇರಲಿಲ್ಲ.

ಈಗೇನಾಗ್ತಿದೆ? ನಮ್ಮವ್ವ ಸಂಘದ ಸಾಲ ಎತ್ತಿ ನರ್ಸರಿ ಫೀಜು ಕಟ್ತಾಳೆ. ಕಟ್ಟಿದರೆ ಒಂದು ಮಗುವಿಗೆ, ಅದೂ ಗಂಡುಮಗುವಿಗೆ. (ಇದನ್ನ ನಾವೂ ಒಪ್ಪಿಕೊಂಡೇ ಬಂದಿದ್ದೇವೆ, ನಾಚಿಕೆಯಾಗಬೇಕು.)

ಇಂಟರ್‌ವ್ಯೂನಲ್ಲಿ ಇಂಗ್ಲಿಷಿಗೆ ತಡವರಿಸಿದಾಗ ನಮಗೆ ಮೆರಿಟ್ಟಿಲ್ಲ ಅಂತಾರಲ್ಲ, ಆ ಮೆರಿಟ್ಟನ್ನ ದುಡ್ಡು ಕೊಟ್ಟು ಕೊಳ್ಳೋದು ಎಲ್‌ಕೆಜಿಯಲ್ಲೇ ಶುರು.

ಕಸಿದ ಸೀಟು ವಾಪಸು ಕೊಡಿ. ಇಲ್ಲವೆ ಪ್ರತಿ ಸರ್ಕಾರಿ ಶಾಲೆಯಲ್ಲೂ ಎಲ್‌ಕೆಜಿ ತೆರೆಯಿರಿ, ಟೀಚರನ್ನೂ ಕೊಡಿ. ಹಾಸ್ಟೆಲ್ ಗೆಳೆಯರೇ, ರಜೆಗೆ ಹೋದಾಗ ನಿಮ್ಮ ಕೇರಿಯಲ್ಲಿ ಯಾವ ಮನೆ ಎಷ್ಟು ಫೀಜು ಕಟ್ತಿದೆ ಅಂತ ಬರೆದುಕೊಂಡು ಬನ್ನಿ.