ಮಗುವಿನ ಬಿಪಿ: ಮಾತ್ರೆಯೋ, ಬಲೂನೋ?

ಎಂಟು ವರ್ಷದ ಮಗು ಪದೇಪದೇ ತಲೆನೋವು ಅಂದರೆ ಕಣ್ಣಿನ ಡಾಕ್ಟರ ಬಳಿಗೆ ಓಡುತ್ತೇವೆ. ತೋಳಿಗೆ ಬಿಪಿ ಪಟ್ಟಿ ಸುತ್ತಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಸುತ್ತಿದರೂ ಅದು ಮಗುವಿನ ಅಳತೆಯ ಪಟ್ಟಿಯೇ ಆಗಿರಬೇಕು, ಇಲ್ಲದಿದ್ದರೆ ಅಂಕಿ ತಪ್ಪುತ್ತದೆ. ಚಿಕ್ಕ ಮಕ್ಕಳಲ್ಲಿ ಬಿಪಿ ವಿಪರೀತ ಏರಿದ್ದರೆ ಹಿಂದೊಂದು ಕಾರಣವನ್ನು ಹುಡುಕಲೇಬೇಕು. ಅಂಥ ಕಾರಣಗಳಲ್ಲೊಂದು, ಕಿಡ್ನಿಗೆ ರಕ್ತ ಒಯ್ಯುವ ಅಪಧಮನಿ ಕಿರಿದಾಗಿರುವುದು. ರಕ್ತ ಸಾಲದ ಕಿಡ್ನಿ ರೆನಿನ್ ಸುರಿಸುತ್ತದೆ, ಅದರಿಂದ ಇಡೀ ಮೈಯ ಒತ್ತಡ ಏರುತ್ತದೆ. ನಾಯಿಗಳ ಈ ಅಪಧಮನಿಗೆ ಕ್ಲಿಪ್ ಬಿಗಿದು ಬಿಪಿ ಏರಿಸಬಹುದೆಂದು ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲೇ ತೋರಿಸಿದ್ದರು.

ಹಾಗಾದರೆ ಬಲೂನ್ ಹಾಕಿ ಅಗಲಿಸಿದರಾಯಿತಲ್ಲ? ಬೇಡ, ಮಾತ್ರೆ ಸಾಕು ಎನ್ನುವವರು ಕೆಲವೊಮ್ಮೆ ಅಸ್ಟ್ರಾಲ್ (2009), ಕೋರಲ್ (2014) ಅಧ್ಯಯನಗಳತ್ತ ಬೊಟ್ಟು ಮಾಡುತ್ತಾರೆ. ಸ್ಟೆಂಟ್ ಹಾಕಿದವರಿಗೆ ಬರೀ ಔಷಧಿ ತೆಗೆದುಕೊಂಡವರಿಗಿಂತ ಹೆಚ್ಚಿನ ಲಾಭವೇನೂ ಅವುಗಳಲ್ಲಿ ಕಾಣಲಿಲ್ಲ, ನಿಜ. ಆದರೆ ಅವರೆಲ್ಲ ಕೊಬ್ಬು ಕಟ್ಟಿದ ರಕ್ತನಾಳಗಳ ಹಿರಿಯರು. ಮಕ್ಕಳ ಕಾಯಿಲೆಯೇ ಬೇರೆ, ಆ ಲೆಕ್ಕ ಇಲ್ಲಿ ನಡೆಯದು.

ಮಾತ್ರೆಯ ಪರವಾಗಿ ಬೇರೆ ಗಟ್ಟಿ ಮಾತೂ ಇದೆ. ಭಾರತದ ಮಕ್ಕಳಲ್ಲಿ ಕಿಡ್ನಿಯ ಅಪಧಮನಿ ಕಿರಿದಾಗಲು ಬಹುಮಟ್ಟಿಗೆ ಕಾರಣ ಟಾಕಾಯಾಸು, ಅಂದರೆ ರಕ್ತನಾಳದ ಗೋಡೆಯ ಉರಿಯೂತ. ರಕ್ತಪರೀಕ್ಷೆಯಲ್ಲಿ ಇಎಸ್ಆರ್, ಸಿಆರ್‌ಪಿ ಏರಿ ಉರಿಯೂತ ಜೋರಾಗಿರುವಾಗ ಬಲೂನ್ ಹಾಕಿದರೆ ನಾಳ ಮತ್ತೆ ಕಿರಿದಾಗುವ ಸಂಭವ ಹೆಚ್ಚು. ಹಾಗಾಗಿ ಮೊದಲು ಸ್ಟೀರಾಯ್ಡ್‌ನಂಥ ಔಷಧಿಯಿಂದ ಅದನ್ನು ತಣಿಸಬೇಕು. ಅಲ್ಲಿಯವರೆಗೆ ಬಿಪಿಯನ್ನು ಮಾತ್ರೆಗಳೇ ಹಿಡಿದಿಡಬೇಕು.

ಆದರೆ ಮಾತ್ರೆಗೂ ಮಿತಿಯಿದೆ. ರೆನಿನ್ನಿನ ಪರಿಣಾಮಕ್ಕೆ ತಡೆಯೊಡ್ಡುವ ಎನಾಲಪ್ರಿಲ್ ಇಲ್ಲಿ ಸರಿಯಾದ ಮದ್ದೆನಿಸುತ್ತದೆ. ಎರಡೂ ಕಡೆಯ ನಾಳ ಕಿರಿದಾಗಿದ್ದರೆ ಅಥವಾ ಇರುವುದೊಂದೇ ಕಿಡ್ನಿಯಾದರೆ ಅದೇ ಮದ್ದು ಕಿಡ್ನಿಯನ್ನು ಕೆಡಿಸಬಹುದು, ರಕ್ತದಲ್ಲಿ ಕ್ರಿಯಾಟಿನಿನ್ ದಿಢೀರನೆ ಏರಬಹುದು. ಬಿಪಿ ಇಳಿದರೂ ಕಿರಿದಾದ ನಾಳದಾಚೆಯ ಕಿಡ್ನಿಗೆ ರಕ್ತ ಇನ್ನಷ್ಟು ಕಡಿಮೆಯಾಗಬಹುದು. ಮೂರು ಬಗೆಯ ಮಾತ್ರೆ ನುಂಗಿಯೂ ಬಿಪಿ ಇಳಿಯದ ಮಗುವಿಗೆ ಇನ್ನೂ ಕಾಯಿರಿ ಎನ್ನುವುದು ನನಗಂತೂ ಸರಿಕಾಣದು.

ಬಲೂನ್ ಸರಿ, ಸ್ಟೆಂಟ್? ಮಗು ಬೆಳೆಯುತ್ತದೆ, ಲೋಹದ ಜಾಲರಿ ಬೆಳೆಯುವುದಿಲ್ಲ. ನಾಳ ಸೀಳಿದಾಗಲೋ, ಅಗಲಿಸಿದ ಕೂಡಲೇ ಮತ್ತೆ ಕುಗ್ಗಿದಾಗಲೋ ಮಾತ್ರ ಅದಕ್ಕೆ ಕೈಹಾಕುವುದು ಒಳಿತು. ಬಲೂನಿಗೆ ಬಗ್ಗದಿದ್ದರೆ ಬೈಪಾಸ್ ಇದೆ. ಅದಕ್ಕೆ ಕಾಲಿನ ಅಭಿಧಮನಿ ಬಳಸಿದರೆ ಮಕ್ಕಳಲ್ಲಿ ಮುಂದೆ ಉಬ್ಬುವ ಭಯವಿರುವುದರಿಂದ ಅನುಭವಿ ಸರ್ಜನ್‌ಗಳು ಮಗುವಿನದೇ ಸೊಂಟದೊಳಗಿನ ಅಪಧಮನಿಯ ತುಂಡನ್ನು ಬಳಸುತ್ತಾರೆ. ಇಂಥ ಕೈಚಳಕ ಎಲ್ಲ ಊರಲ್ಲೂ ಸಿಗುವುದಿಲ್ಲ. ಬಲೂನ್ ಯಶಸ್ವಿಯಾದರೂ ಎಷ್ಟೋ ಮಕ್ಕಳಿಗೆ ಒಂದಾದರೂ ಮಾತ್ರೆ ಉಳಿದುಕೊಳ್ಳುತ್ತದೆ. ನಾಳ ಮತ್ತೆ ಕಿರಿದಾಯಿತೇ ಎಂದು ವರ್ಷಗಟ್ಟಲೆ ಡಾಪ್ಲರ್ ನೋಡಿಸುತ್ತಿರಬೇಕು. ಆಪರೇಷನ್‌ಗೆ ಸಹಿ ಹಾಕಿಸುವಾಗಲೇ ಹೆತ್ತವರಿಗೆ ಇದನ್ನು ಹೇಳಿಬಿಡಬೇಕು.