ಕುಬಸಕ್ಕ ಲಕ್ಷ, ಬಾಣಂತನಕ್ಕ ಚೌಕಾಶಿ

ಮೊನ್ನೆ ನಮ್ಮ ಓಣ್ಯಾಗ ಒಂದು ಕುಬಸ ಆತು. ದೊಡ್ಡ ಹಾಲ್, ಹೂವಿನ ಮಂಟಪ, ತಲಿಮ್ಯಾಲೆ ಹಾರೂ ಕ್ಯಾಮರಾ. ನಾನೂ ಹೋಗಿ ಹೊಟ್ಟಿ ತುಂಬ ಉಂಡು ಬಂದೇನಿ, ಸುಳ್ಳ್ಯಾಕ ಹೇಳ್ಲಿ. ಬರೂ ಮುಂದ ಬಸರಿ ಹುಡಿಗಿ ತಾಯಿಗೆ, "ಬಾಣಂತನಕ್ಕ ಯಾರನ್ನ ಹಚ್ಚೀರಿ?" ಅಂತ ಕೇಳಿದೆ. "ಅದಕ್ಕ್ಯಾಕ್ರಿ ರೊಕ್ಕ ಸುರಿಯೂದು? ನಾ ಇದ್ದೇನಲ್ಲ" ಅಂದ್ರು. ಅವರಿಗೆ ಶುಗರ್ ಐತಿ, ಮೊಣಕಾಲು ಬ್ಯಾನಿ ಐತಿ, ಮನ್ಯಾಗ ಹಾಸಿಗಿ ಹಿಡದ ಅತ್ತಿ ಇದ್ದಾರ.

"ನಾ ಇದ್ದೇನಲ್ಲ" ಅಂತ ನಾನೂ ಅಂದಿದ್ದೆ. ಮಗಳ ಮೊದಲನೇ ಬಾಣಂತನದಾಗ ನಸುಕಿನ್ಯಾಗ ಎದ್ದು ನೀರು ಕಾಸಿ, ಅಕಿಗೂ ಕೂಸಿಗೂ ಎಣ್ಣಿ ಹಚ್ಚಿ ಎರದು, ಪಥ್ಯದ ಅಡಗಿ ಮಾಡಿ, ರಾತ್ರಿ ಕೂಸಿನ ಜೋಡಿ ಎಚ್ಚರಿದ್ದು ಇಪ್ಪತ್ತು ದಿನ ದೂಡಿದೆ. ಇಪ್ಪತ್ತೊಂದನೇ ದಿನ ಕೂಸಿಗೆ ಎರಿಯೂ ಮುಂದ ಕುಂತಲ್ಲೇ ಜೊಂಪು ಹತ್ತಿತು. ಮಗಳು ಚೀರಿದಾಗ ಕಣ್ಣು ತೆರದೆ. ಕೂಸು ಕಾಲಮ್ಯಾಲಿಂದ ಜಾರಿತ್ತು. ಏನೂ ಆಗ್ಲಿಲ್ಲ, ದೇವರು ದೊಡ್ಡಾಂವ. ಆದ್ರ ಅವತ್ತಿಂದ "ನಾವೆಲ್ಲ ಹಡದಿಲ್ಲೇನು?" ಅನ್ನೋ ಮಾತು ನನ್ನ ಬಾಯಾಗ ಬಂದಿಲ್ಲ. ನಾವು ಹಡದಾಗ ಮನ್ಯಾಗ ಅಜ್ಜಿ, ಕಾಕು, ವೈನಿ ಎಲ್ಲಾರೂ ಇದ್ರು. ಈಗ ತಾಯಿ ಒಬ್ಬಾಕಿ, ಎರಡ ಕೈ.

ಎರಡನೇ ಬಾಣಂತನಕ್ಕ ಎರಿಯಾಕಿನ್ನ ಹಚ್ಚಿದ್ವಿ. ದಿನಕ್ಕ 400 ರೂಪಾಯಿ, 40 ದಿನಕ್ಕ 16,000. ನಮ್ಮನಿಯವರು ಗೊಣಗಿದ್ರು. ಮಗಳು ಸುಮ್ಮ ಸುಮ್ಮನ ಅಳಾಕ ಹತ್ತಿದಾಗ ನಾನು ದೃಷ್ಟಿ ತಗದೆ. "ಇದು ದೃಷ್ಟಿ ಅಲ್ರಿ ಅವ್ವಾರ, ಡಾಕ್ಟರಿಗೆ ತೋರಸ್ರಿ" ಅಂದಾಕಿ ಆ ಎರಿಯಾಕಿ. ತೋರಿಸಿದ್ವಿ, ಮಗಳು ಆರಾಮಾದ್ಲು. ಗೊಣಗೂದು ನಿಂತಿತು.

"ಇಲ್ಲದವರು ಏನ್ ಮಾಡಬೇಕ್ರಿ?" ಅಂತೀರಿ. ಖರೇನ ಇಲ್ಲದವರ ಮಾತು ಬ್ಯಾರೆ. ಆಶಾ ಕಾರ್ಯಕರ್ತೆ 42 ದಿನದೊಳಗ ಹಲವು ಸಲ ಮನಿಗೆ ಬಂದು ಕೂಸಿನ ತೂಕ, ತಾಯಿ ಆರೋಗ್ಯ ನೋಡ್ತಾಳ, ಪುಕ್ಕಟೆ. ಅಕಿನ್ನ ಬಾಗಿಲದಾಗ ನಿಲ್ಲಿಸಿ ಕಳಸಬ್ಯಾಡ್ರಿ. ಆದ್ರ ಎಣ್ಣಿ ಹಚ್ಚಿ ಎರಿಯೂದು ಅಕಿ ಕೆಲಸಲ್ಲ. ನಾ ಹೇಳೂದು ಹಾಲ್ ಹಿಡಿಯೋರಿಗೆ. ಹಾಲಿಗೆ ರೊಕ್ಕ ಇದ್ದವರಿಗೆ ಎರಿಯಾಕಿಗೆ ಇಲ್ಲಂದ್ರ ಯಾರು ನಂಬಬೇಕು? ಬೀಗರೂ ಅರ್ಧ ಕೊಡ್ಲಿ. ಕೂಸಿಗೆ ಅಡ್ಡಹೆಸರು ಅವರದು, ಖರ್ಚೆಲ್ಲಾ ತವರಿಂದ ಅಂದ್ರ ಯಾವ ನ್ಯಾಯ?

ಪಾವಗಡದ ಸೂಲಗಿತ್ತಿ ನರಸಮ್ಮಗ 2018ರಾಗ ಪದ್ಮಶ್ರೀ ಬಂದಾಗ ಟಿವಿ ಮುಂದ ಕುಂತು ಕಣ್ಣೀರು ಒರಸಿಕೊಂಡೋರು ನಾವ. ನಮ್ಮ ಮನಿ ಎರಿಯಾಕಿ ಐವತ್ತು ರೂಪಾಯಿ ಹೆಚ್ಚು ಕೇಳಿದ್ರ ಮಾರಿ ತಿರುವೋರೂ ನಾವ.

ಕುಬಸದಾಗ ಕೊಡೂ ಖಣ ಮನಿಯಿಂದ ಮನಿಗೆ ತಿರಗತಾವ, ಯಾರೂ ಹೊಲಸಂಗಿಲ್ಲ. ಹಂಗಾಗಿ ಹೇಳಿಬಿಡ್ತೇನಿ, ಮುಂದಿನ ಕುಬಸಕ್ಕ ನಾ ಖಣ ತರಂಗಿಲ್ಲ. ಎರಿಯಾಕಿ ಎರಡು ದಿನದ ಪಗಾರ ಲಕೋಟ್ಯಾಗ ಹಾಕಿ ಬಸರಿ ಉಡ್ಯಾಗ ಇಡ್ತೇನಿ. ಇಪ್ಪತ್ತು ಮಂದಿ ಹಿಂಗ ಮಾಡಿದ್ರ ಒಂದು ಬಾಣಂತನ ಆತು. ಸಿಟ್ಟಾಗೋರು ಆಗ್ರಿ, ಊಟಕ್ಕಂತೂ ಬರ್ತೇನಿ.