ಮಂದಿ ಕಮ್ಮಿ ಅಂತ ಮಾತು ಕೇಳದಿದ್ದರೆ ಹೇಗೆ?

ಗಡಿನಾಡ ಗೆಳೆಯರೇ,

2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸಂತಾಪದ ಪೋಸ್ಟ್ ಕನ್ನಡದಲ್ಲಿ ಬಂತು. ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದ ಮಾತ್ರ, ತೀರಿಕೊಂಡವರು ಸಿದ್ದರಾಮಯ್ಯನವರೇ ಅನ್ನೋ ಅರ್ಥ ಕೊಟ್ಟಿತು! ಮುಖ್ಯಮಂತ್ರಿ ಕಡೆಯಿಂದ ಪತ್ರ ಹೋಯ್ತು. ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು.

ಸಂತೋಷ. ಆದರೆ ಇದೇ ಎಡವಟ್ಟು ತಾಳವಾಡಿಯ ಒಬ್ಬ ಹುಡುಗನ ಪೋಸ್ಟಿನಲ್ಲಿ ಆಗಿದ್ದರೆ ಪತ್ರ ಯಾರು ಬರೀತಿದ್ರು? ಬರೆದರೂ ಯಾರು ಓದ್ತಿದ್ರು?

"ಬಳಸುವವರ ಮಾತು ಕೇಳ್ತಾ ಕೂತರೆ ಹೊಸದೇನೂ ಆಗಲ್ಲ" ಅನ್ನುವವರಿದ್ದಾರೆ. ಅದರಲ್ಲೂ ನಿಜ ಇದೆ. 2006ರಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂದಾಗ ಲಕ್ಷಾಂತರ ಜನ ವಿರೋಧಿಸಿದ್ದರು. ಇವತ್ತು ಅದಿಲ್ಲದ ಫೇಸ್‌ಬುಕ್ ಊಹಿಸೋಕೂ ಆಗಲ್ಲ. ರೂಪ ಬದಲಾದರೆ ಕಣ್ಣು ಒಗ್ಗಿಕೊಳ್ಳುತ್ತದೆ. ಆದರೆ ನಾವು ಆಡಿದ ಮಾತಿನ ಅರ್ಥವೇ ಬದಲಾದರೆ ಅದಕ್ಕೂ ಒಗ್ಗಿಕೊಳ್ಳಬೇಕಾ?

ಕಂಪನಿಗಳಿಗೆ ಕಿವಿ ಇಲ್ಲ ಅಂತಲ್ಲ. 2022ರ ಜುಲೈಯಲ್ಲಿ ಇನ್‌ಸ್ಟಾಗ್ರಾಂ ಪರದೆ ತುಂಬ ವಿಡಿಯೋ ತೋರಿಸುವ ಪ್ರಯೋಗ ಮಾಡಿ, ಗದ್ದಲ ಆದ ಮೇಲೆ ಹಿಂದೆ ತಗೊಂಡಿತು. ಆ ಗದ್ದಲದಲ್ಲಿ ಕಿಮ್ ಕಾರ್ಡಾಶಿಯನ್‌ರಂಥ ಹೆಸರುವಾಸಿಗಳೂ ಇದ್ದರು ಅನ್ನೋದನ್ನು ಮರೆಯಬಾರದು.

2012ರಲ್ಲಿ ಫೇಸ್‌ಬುಕ್ ತನ್ನ ನಿಯಮಗಳ ಬದಲಾವಣೆಯನ್ನು ಮತಕ್ಕೆ ಹಾಕಿತ್ತು. ಸುಮಾರು 6.68 ಲಕ್ಷ ಜನ ಮತ ಹಾಕಿದರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಬೇಡ ಅಂದರು. ಆದರೆ ಶೇ. 30ರಷ್ಟು ಬಳಕೆದಾರರು, ಅಂದರೆ ಸುಮಾರು 30 ಕೋಟಿ ಜನ ಮತ ಹಾಕಿದರೆ ಮಾತ್ರ ಫಲಿತಾಂಶಕ್ಕೆ ಬದ್ಧ ಅನ್ನೋದು ಶರತ್ತು. ಬದಲಾವಣೆ ಜಾರಿಯಾಯ್ತು, ಮತ ಹಾಕುವ ಪದ್ಧತಿಯೂ ಹೋಯ್ತು.

ತಲೆ ಎಣಿಸಿ ಬಾಯಿ ಮುಚ್ಚಿಸುವ ಈ ಲೆಕ್ಕ ನಮಗೆ ಹೊಸದಲ್ಲ. 1949ರಲ್ಲಿ ಪ್ರಾಂತ್ಯಗಳ ಶಿಕ್ಷಣ ಸಚಿವರು ಸೇರಿ ಬೇರೆಯದೇ ಲೆಕ್ಕ ಒಪ್ಪಿದ್ದರು: ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪ್ರಾಥಮಿಕ ಪಾಠ ಹೇಳಲು ಮೇಷ್ಟ್ರನ್ನು ಕೊಡಬೇಕು. ಕಾಸರಗೋಡಿನಿಂದ ಜತ್ತದವರೆಗೆ ಇದು ಎಷ್ಟು ಜಾರಿಯಾಗಿದೆ ಅನ್ನೋದು ಬೇರೆ ಮಾತು. ಆದರೆ ಮಂದಿ ಕಮ್ಮಿ ಇದ್ದ ಕಡೆ ಮಿತಿಯನ್ನೂ ಕಮ್ಮಿ ಇಡಬೇಕು ಅನ್ನೋ ಆ ನ್ಯಾಯ ಸರಿ ಇದೆ. ಕಂಪನಿಗಳಿಗೂ ಅದೇ ಅನ್ವಯಿಸಬೇಕು.

ನಾವು ಕೇಳೋದು ಮೂರೇ. ಕನ್ನಡ ಪೋಸ್ಟನ್ನು ಮೊದಲು ಕನ್ನಡದಲ್ಲೇ ತೋರಿಸಿ, ಅನುವಾದ ಬೇಕಾದವರು ಒತ್ತಿ ನೋಡಲಿ. ಇರುವ ಊರು ನೋಡಿ ಭಾಷೆ ಊಹಿಸಬೇಡಿ, ಹೊಸೂರಿನಲ್ಲೂ ಕನ್ನಡದ ಮನೆಗಳಿವೆ. ಕನ್ನಡಕ್ಕೆ ಸಂಬಂಧಪಟ್ಟ ಬದಲಾವಣೆ ತರುವ ಮುಂಚೆ ಕನ್ನಡ ಬಳಸುವವರಿಂದ ಪರೀಕ್ಷೆ ಮಾಡಿಸಿ, ಗಡಿಯಾಚೆಯ ನಮ್ಮನ್ನೂ ಸೇರಿಸಿಕೊಳ್ಳಿ.

ನಮ್ಮ ಪಾಲಿನ ಕೆಲಸವೂ ಇದೆ. ತಪ್ಪು ಅನುವಾದ ಕಂಡರೆ ಸ್ಕ್ರೀನ್‌ಶಾಟ್ ಹಂಚಿ ನಕ್ಕು ಸುಮ್ಮನಾಗಬೇಡಿ. ಆ್ಯಪ್ ಒಳಗೇ ದೂರು ಕೊಡಿ. ಖಾತೆಗೆ ಏರದ ಜಮೆ ಬಾಕಿಯಲ್ಲಿ ಕಾಣಲ್ಲ. ದಾಖಲಾಗದ ದೂರೂ ಹಾಗೇ. ಈ ವಾರ ಒಬ್ಬೊಬ್ಬರು ಒಂದೊಂದು ದೂರು ದಾಖಲಿಸೋಣ.